ಲಿಂಗಾಚಾರವೂ ಬೀಗರ ಮನೆಯ ದೀಪವೂ

ಕಳೆದ ಮಾಘಮಾಸದಲ್ಲಿ ಸೋಮವಾರಪೇಟೆಯ ಕಡೆಯ ಗೃಹಸ್ಥರೊಬ್ಬರು ನನ್ನನ್ನು ಕಾಣಲು ಪಾಠಶಾಲೆಗೆ ಬಂದರು. ಅವರದು ಆಚಾರವಂತರ ಮನೆತನ. ಲಿಂಗಪೂಜೆಯಾಗದೆ ಒಂದು ಗುಟುಕು ನೀರನ್ನೂ ಮುಟ್ಟದ ಹಿರಿಯರು ಬಾಳಿದ ಮನೆ. ಅವರ ಮಗನು ಬಾಲ್ಯದಲ್ಲಿ ನನ್ನ ಬಳಿ ಅಕ್ಷರ ಕಲಿತವನು. ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿಯೇ ಉದ್ಯೋಗದಲ್ಲಿರುವ, ವಿರಾಜಪೇಟೆಯ ಕಡೆಯ ಕೊಡವ ಕನ್ಯೆಯೊಬ್ಬಳನ್ನು ವರಿಸಲು ನಿಶ್ಚಯಿಸಿದ್ದಾನೆ. ಎರಡು ಮನೆಯವರೂ ಬಹಳ ದಿನ ಆಲೋಚಿಸಿ ಒಪ್ಪಿದ್ದಾರೆ. ನಿಶ್ಚಯಕಾರ್ಯವು ಕನ್ಯೆಯ ಮನೆಯಲ್ಲಿ, ಅವರ ಪದ್ಧತಿಯಂತೆಯೇ ನಡೆಯಬೇಕೆಂದು ಮಾತಾಗಿದೆ.

ಕುಶಲಪ್ರಶ್ನೆಗಳು ಮುಗಿದ ಮೇಲೆ ಅವರು ತಮ್ಮ ಮನಸ್ಸಿನ ಭಾರವನ್ನು ಇಳಿಸಿದರು: “ಮೇಷ್ಟ್ರೇ, ಹುಡುಗ ಅವರ ಮನೆಯ ದೀಪಕ್ಕೆ ಕೈಮುಗಿಯಬಹುದೋ ಬಾರದೋ? ಮುಗಿದರೆ ಎದೆಯ ಮೇಲಿನ ಲಿಂಗಕ್ಕೆ ತಪ್ಪಿದಂತಾಗುತ್ತದೆ. ಮುಗಿಯದಿದ್ದರೆ ಬೀಗರ ಮುಖ ಮುರಿದಂತಾಗುತ್ತದೆ. ಒಂದು ದಿನದ ಮಟ್ಟಿಗೆ ಅವರು ಹೇಳಿದ್ದನ್ನೆಲ್ಲ ಮಾಡಿ ಬಂದುಬಿಡು ಎಂದು ಹೇಳಿಬಿಡಲೇ? ನಮ್ಮ ಪರವಾಗಿ ನಿಂತು ಮಾತನಾಡುವ ಹಿರಿಯರೊಬ್ಬರು ಬೇಕಂತೆ. ತಾವೇ ಬರಬೇಕು.”

ಕೊಡವರ ಪದ್ಧತಿಯನ್ನು ಅರಿಯದ ವಾಚಕರಿಗಾಗಿ ಇಲ್ಲಿ ಕೆಲವು ಮಾತುಗಳನ್ನು ಹೇಳಬೇಕು. ಅವರ ಮೂಲ ಸಂಪ್ರದಾಯದ ವಿವಾಹಕಾರ್ಯಗಳಲ್ಲಿ ಪುರೋಹಿತನಿಗೆ ಸ್ಥಾನವಿಲ್ಲ; ಹಿರಿಯರೇ ಅಕ್ಕಿಯಿಟ್ಟು, ಹಾಲು ಕೊಟ್ಟು ಹರಸುತ್ತಾರೆ. ಒಂದೇ ಮೂಲಪುರುಷನಿಂದ ಬಂದ ಕುಟುಂಬಸಮೂಹಕ್ಕೆ ಒಕ್ಕವೆಂದು ಹೆಸರು; ಒಕ್ಕದ ಮೂಲಮನೆಯೇ ಐನ್‌ಮನೆ. ಆ ಮನೆಯ ನಡುವಣ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಬೆಳಗುತ್ತದೆ. ಗತಿಸಿದ ಹಿರಿಯರನ್ನು ಕಾರಣರೆಂದು ಸ್ಮರಿಸುವುದು ಆ ದೀಪದ ಸನ್ನಿಧಿಯಲ್ಲಿ. ಒಕ್ಕದ ಪರವಾಗಿ ಮಾತನಾಡಲು ಅರುವನೆಂಬ ಹಿತೈಷಿಯುಂಟು. ಅವನು ಬೇರೊಂದು ಒಕ್ಕಕ್ಕೆ ಸೇರಿದವನು. ನಿಶ್ಚಯದ ದಿನ ಎರಡು ಕಡೆಯ ಹಿರಿಯರೂ ಅರುವರೂ ದೀಪದ ಮುಂದೆ ನಿಂತು, ಸಂಬಂಧವನ್ನು ಮಾತಿನಿಂದ ಸ್ಥಿರಪಡಿಸುತ್ತಾರೆ. ಮದುವೆಯ ಕಾಲದಲ್ಲಿ ಹೆಣ್ಣಿಗೆ ಹೊಸ ಒಕ್ಕದಲ್ಲಿ ಸಲ್ಲಬೇಕಾದ ಹಕ್ಕನ್ನು ಸಣ್ಣ ಕಲ್ಲುಗಳನ್ನು ಎಣಿಸಿ ಒಪ್ಪಿಸುವವರೂ ಈ ಅರುವರೇ. ಅಂದಮೇಲೆ ಅಲ್ಲಿ ಪ್ರಧಾನವಾದುದು ಮಂತ್ರವಲ್ಲ, ಆಡಿದ ಮಾತು. ದೀಪವು ಆ ಮಾತಿಗೆ ಸಾಕ್ಷಿ.

ಇನ್ನು ಪ್ರಶ್ನೆಯನ್ನು ನಮ್ಮ ಶಾಸ್ತ್ರದ ಕಡೆಯಿಂದ ನೋಡೋಣ. ಪಂಚಾಚಾರಗಳು ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರಗಳೆಂದು ಐದು. ಇಷ್ಟಲಿಂಗವನ್ನಲ್ಲದೆ ಅನ್ಯವನ್ನು ಪೂಜಿಸದಿರುವುದು ಲಿಂಗಾಚಾರ. ತಾನು ಎಲ್ಲರಿಗಿಂತ ಕಿರಿಯನೆಂದು ತಿಳಿದು ಬಾಗಿ ನಡೆಯುವುದು ಭೃತ್ಯಾಚಾರ. ಮನೆಯೊಳಗೆ ಕುಳಿತಿರುವವರೆಗೆ ಈ ಎರಡಕ್ಕೂ ಜಗಳವಿಲ್ಲ. ಪರರ ಮನೆಯ ಹೊಸ್ತಿಲನ್ನು ದಾಟುವಾಗ ಮೊದಲನೆಯದು ‘ನಿಲ್ಲು’ ಎನ್ನುವಂತೆಯೂ ಎರಡನೆಯದು ‘ಬಾಗು’ ಎನ್ನುವಂತೆಯೂ ತೋರುತ್ತದೆ. ಗೃಹಸ್ಥರ ಸಂಕಟವು ಇದೇ ಆಗಿತ್ತು.

ಅವರೇ ಸೂಚಿಸಿದ ಸುಲಭೋಪಾಯವೆಂದರೆ, ಒಂದು ದಿನದ ಮಟ್ಟಿಗೆ ಎಲ್ಲವನ್ನೂ ಮಾಡಿಬಿಡುವುದು. ಇದು ಬೀಗರಿಗೆ ತೋರುವ ಗೌರವವೆಂದು ಅವರು ಭಾವಿಸಿದ್ದರು. ವಿಚಾರಿಸಿದರೆ ಇದಕ್ಕಿಂತ ದೊಡ್ಡ ಅಗೌರವವಿಲ್ಲ. ಆ ಮನೆಯವರು ತಮ್ಮ ಹಿರಿಯರನ್ನು ಸಾಕ್ಷಿಯಾಗಿಟ್ಟುಕೊಂಡು ಮಾತು ಕೊಡುವಾಗ, ನಮ್ಮವನು ಮನಸ್ಸಿನಲ್ಲಿ ‘ಇದೆಲ್ಲ ಇಂದಿಗಷ್ಟೆ’ ಎಂದುಕೊಂಡು ಕೈಮುಗಿದರೆ, ಅವನು ಅವರ ಸಾಕ್ಷಿಯ ಮುಂದೆಯೇ ಸುಳ್ಳಾಡಿದಂತಾಯಿತು. ಅಂತರಂಗ ಬಹಿರಂಗಗಳೆರಡೂ ಒಂದಾಗಿರಬೇಕೆಂದು ಶರಣರು ಬೋಧಿಸಿದ್ದು ನಮ್ಮ ಮನೆಯೊಳಗಿನ ಪೂಜೆಗೆ ಮಾತ್ರ ಅನ್ವಯಿಸುವ ಮಾತಲ್ಲ. ಪರರ ಮನೆಯಲ್ಲಿ ಅದು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಅಲ್ಲಿ ನಮ್ಮನ್ನು ನಂಬಿದವರಿದ್ದಾರೆ.

ಇದಕ್ಕೆ ವಿರುದ್ಧವಾದ ದೋಷವನ್ನು ನಾನೇ ಮಾಡಿದ್ದೇನೆ. ಇಪ್ಪತ್ತೈದು ವರ್ಷಗಳ ಹಿಂದೆ, ಕನ್ನಡ ಕಲಿಯಲು ನನ್ನಲ್ಲಿಗೆ ಬರುತ್ತಿದ್ದ ಕೊಡವ ಶಿಷ್ಯನೊಬ್ಬನು ತನ್ನ ನಿಶ್ಚಯಕ್ಕೆ ಕರೆದನು. ಹೋದೆನು. ದೀಪದ ಮುಂದೆ ಎಲ್ಲರೂ ಎದ್ದು ನಿಂತಾಗ ನಾನು ಅಂಗಳಕ್ಕೆ ಇಳಿದುಬಂದು ಒಬ್ಬನೇ ನಿಂತೆನು. ಊಟಕ್ಕೆ ಕರೆದಾಗ, ಅವರ ಔತಣದಲ್ಲಿ ಮಾಂಸಮದ್ಯಗಳಿರುವುದನ್ನು ಎತ್ತಿ, ನಾಲ್ವರಿಗೆ ಕೇಳುವಂತೆ ನಿರಾಕರಿಸಿದೆನು. ಮನೆಯ ಅಜ್ಜನವರು ಏನನ್ನೂ ಹೇಳಲಿಲ್ಲ. ಒಳಗೆ ಹೋಗಿ, ನನಗಾಗಿಯೇ ಹೊಸ ಪಾತ್ರೆಯಲ್ಲಿ ಬೇರೆಯಾಗಿ ಕಾಯಿಸಿ ಇಟ್ಟಿದ್ದ ಹಾಲನ್ನೂ ಬಾಳೆಹಣ್ಣನ್ನೂ ತಂದು ಮುಂದಿಟ್ಟರು. ನನ್ನ ನಿಯಮವನ್ನು ಅವರು ನನಗಿಂತ ಮೊದಲೇ ಯೋಚಿಸಿದ್ದರು! ನಾನು ಲಿಂಗಾಚಾರವನ್ನು ರಕ್ಷಿಸಿದೆನೆಂದು ಬೀಗುತ್ತ ಮನೆಗೆ ಬಂದೆನು. ರಕ್ಷಿಸಿದ್ದು ನನ್ನ ಅಹಂಕಾರವನ್ನು ಎಂಬುದು ತಿಳಿಯಲು ವರ್ಷಗಳು ಹಿಡಿದವು. ಆ ಶಿಷ್ಯನು ಮತ್ತೆ ನನ್ನಲ್ಲಿಗೆ ಬರಲಿಲ್ಲ.

ಹಾಗಾದರೆ ದಾರಿ ಯಾವುದು? ಲಿಂಗಾಚಾರ ಭೃತ್ಯಾಚಾರಗಳ ನಡುವೆ ಸದಾಚಾರವಿದೆ ಎಂಬುದನ್ನು ನಾವು ಮರೆಯುತ್ತೇವೆ. ಸದಾಚಾರವೆಂದರೆ ಸತ್ಯದ ನಡೆ. ಮಾಡಬಹುದಾದುದು ಯಾವುದು, ಮಾಡಲಾಗದುದು ಯಾವುದು ಎಂಬುದನ್ನು ಮೊದಲು ತಾನೇ ತಿಳಿದುಕೊಂಡು, ಬಳಿಕ ಆ ಮನೆಯ ಹಿರಿಯರಿಗೆ ಮುಂಚಿತವಾಗಿ ವಿನಯದಿಂದ ತಿಳಿಸುವುದು ಅದರ ಕ್ರಮ. ಹತ್ತು ದಿನ ಮೊದಲು ಹೇಳಿದ ‘ಆಗದು’ ಎಂಬ ಮಾತನ್ನು ಮರ್ಯಾದಸ್ಥರು ಮರ್ಯಾದೆಯೆಂದೇ ಸ್ವೀಕರಿಸುತ್ತಾರೆ. ಅದೇ ಮಾತನ್ನು ನೆಂಟರಿಷ್ಟರ ನಡುವೆ, ದೀಪದ ಮುಂದೆ ಆಡಿದರೆ ಅದು ಗಾಯವಾಗುತ್ತದೆ.

ಆದುದರಿಂದ ನಾನು ಗೃಹಸ್ಥರಿಗೆ ಹೀಗೆ ವಿವರಿಸಿದೆನು. ಪೂಜೆ ಬೇರೆ, ಗೌರವ ಬೇರೆ. ದೀಪವನ್ನು ದೈವವೆಂದು ಅರ್ಚಿಸೆಂದು ಅವರು ನಮ್ಮ ಹುಡುಗನನ್ನು ಕೇಳುತ್ತಿಲ್ಲ. ತಮ್ಮ ಹಿರಿಯರ ಸನ್ನಿಧಿಯಲ್ಲಿ ಮಾತು ಕೊಡೆಂದು ಕೇಳುತ್ತಿದ್ದಾರೆ. ಆ ಹಿರಿಯರು ಇಲ್ಲದಿದ್ದರೆ ಈ ಕನ್ಯೆಯಿಲ್ಲ. ಅವರಿಗೆ ಕೃತಜ್ಞತೆಯಿಂದ ಕೈಮುಗಿದರೆ ಎದೆಯ ಮೇಲಿನ ಲಿಂಗಕ್ಕೆ ಕುಂದಿಲ್ಲ. ವೃದ್ಧರ ಪಾದಗಳನ್ನು ಮುಟ್ಟಲಿ. ಅಕ್ಕಿಯ ಹರಕೆಯನ್ನು ತಲೆಬಾಗಿ ಪಡೆಯಲಿ. ಕಾರಣರಿಗೆ ಮದ್ಯಮಾಂಸಗಳ ಎಡೆಯಿಡುವ ಸಂದರ್ಭವಿದ್ದರೆ ಅದರಲ್ಲಿ ತಾನು ಪಾಲ್ಗೊಳ್ಳಲಾರೆನೆಂದು ಮೊದಲೇ ತಿಳಿಸಲಿ. ಸಿದ್ಧತೆಯೆಂದರೆ ಉಡುಪು ಹೊಲಿಸುವುದೊಂದೇ ಅಲ್ಲ. ಆ ಒಕ್ಕದ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯಬೇಕು. ಯಾರು ಯಾರಿಗೆ ಏನಾಗಬೇಕೆಂದು ತಿಳಿದಿರಬೇಕು. ಅಲ್ಲಿ ಆಡುವ ಮಾತಿನ ಅರ್ಥವನ್ನು ಕೇಳಿಕೊಂಡಿರಬೇಕು. ಅರ್ಥವರಿಯದೆ ಕೊಟ್ಟ ಮಾತು ಮಾತಲ್ಲ.

ಕೊಡಗಿನ ಇತಿಹಾಸವೂ ಇಲ್ಲಿ ನಮಗೆ ಬುದ್ಧಿ ಹೇಳುತ್ತದೆ. ಸುಮಾರು 1600ರಿಂದ 1834ರವರೆಗೆ ಈ ನಾಡನ್ನು ಆಳಿದ ಹಾಲೇರಿಯ ಅರಸರು ಲಿಂಗಧಾರಿಗಳು. ಅವರ ಎಲ್ಲ ಕೃತ್ಯಗಳನ್ನೂ ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಅವರಲ್ಲಿ ಕ್ರೂರಿಗಳೂ ಇದ್ದರು. ಆದರೆ ಇನ್ನೂರಕ್ಕೂ ಹೆಚ್ಚು ವರ್ಷ ಲಿಂಗಧಾರಿಗಳ ಆಳ್ವಿಕೆಯಲ್ಲಿದ್ದೂ ಕೊಡವರ ಐನ್‌ಮನೆಯ ದೀಪ ಆರಲಿಲ್ಲ, ಅರುವನ ಸ್ಥಾನ ಅಳಿಯಲಿಲ್ಲ. ಇತ್ತ ಮಡಿಕೇರಿಯ ಗದ್ದಿಗೆಯೂ ಅರಮೇರಿ, ಕಿರಿಕೊಡ್ಲಿಗಳ ಮಠಗಳೂ ಉಳಿದುಬಂದಿವೆ. ಒಂದೇ ನಾಡಿನಲ್ಲಿ ಎರಡು ಆಚಾರಗಳು ಇಷ್ಟು ಕಾಲ ಬಾಳಿವೆಯೆಂದ ಮೇಲೆ, ಒಂದೇ ಮನೆಯಲ್ಲಿ ಬಾಳಲಾರವೆಂದು ಏಕೆ ತಿಳಿಯಬೇಕು?

ಗೃಹಸ್ಥರಿಗೆ ಸಮಾಧಾನವಾದಂತೆ ತೋರಿತು. ಏಳುವಾಗ ಅವರು, “ಅದೂ ಸರಿ. ಹೇಗೂ ಮದುವೆಗೆ ಮೊದಲು ಹುಡುಗಿಗೆ ಲಿಂಗದೀಕ್ಷೆ ಮಾಡಿಸಿಬಿಡುತ್ತೇವೆ. ಅದಕ್ಕೊಂದು ದಿನ ನೋಡಿಕೊಡಿ” ಎಂದರು. ಹುಡುಗಿಯನ್ನು ಕೇಳಿದ್ದೀರಾ ಎಂದೆನು. “ಕೇಳುವುದೇನು, ನಮ್ಮ ಮನೆಗೆ ಬರುವವಳಲ್ಲವೇ?” ಎಂದರು. ನಾನು ಅವರನ್ನು ಮತ್ತೆ ಕುಳ್ಳಿರಿಸಿದೆನು.

ನಮ್ಮ ಹುಡುಗನು ಒಂದು ದಿನ ದೀಪದ ಮುಂದೆ ನಿಲ್ಲುವುದಕ್ಕೆ ಇಷ್ಟು ವಿಚಾರ. ಅವರ ಹುಡುಗಿಯು ಜೀವನಪರ್ಯಂತ ಲಿಂಗವನ್ನು ಧರಿಸುವುದಕ್ಕೆ ವಿಚಾರವೇ ಇಲ್ಲ! ಇದು ಯಾವ ನ್ಯಾಯ? ಶ್ರದ್ಧೆಯಿಲ್ಲದೆ ಕಟ್ಟಿಸಿಕೊಂಡ ಲಿಂಗವು ಕೊರಳಿಗೆ ಭಾರವೇ ಹೊರತು ಪ್ರಾಣಕ್ಕೆ ಸಂಬಂಧಿಸದು. ದೀಕ್ಷೆಯು ಗುರುವು ಶಿಷ್ಯನಲ್ಲಿ ಅಪೇಕ್ಷೆಯನ್ನು ಕಂಡು ಕೊಡುವ ಕಾರುಣ್ಯ. ನಮ್ಮ ಮನೆಯ ಬಾಗಿಲಲ್ಲಿ ವಸೂಲು ಮಾಡುವ ಸುಂಕವಲ್ಲ.

“ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾಗಲಿಲ್ಲವೇ? ಅಲ್ಲಿ ಎಲ್ಲರೂ ಲಿಂಗಧಾರಿಗಳೇ ಆಗಿದ್ದರಲ್ಲ!” ಎಂದರು ಗೃಹಸ್ಥರು. ದಿಟ. ಅಲ್ಲಿ ಕುಲಗಳು ಬೇರೆಯಾಗಿದ್ದವು, ಲಿಂಗವು ಒಂದಾಗಿತ್ತು. ಇಲ್ಲಿಯ ಸಂದರ್ಭ ಹಾಗಲ್ಲ. ಆದಕಾರಣ ಆ ಪ್ರಸಂಗವನ್ನು ಹಾಗೆಯೇ ಎತ್ತಿ ಇಲ್ಲಿಗೆ ಅನ್ವಯಿಸಲಾಗದು. ಆದರೆ ಒಂದನ್ನು ಗಮನಿಸಬೇಕು. ಹರಳಯ್ಯನವರಾಗಲಿ ಮಧುವರಸರಾಗಲಿ ಸಂಬಂಧ ಬೆಳೆಸುವ ಸಲುವಾಗಿ ಲಿಂಗವನ್ನು ಧರಿಸಿದವರಲ್ಲ. ಮೊದಲು ತಮ್ಮ ತಮ್ಮ ಅರಿವಿನಿಂದ ಶರಣರಾದರು, ಸಂಬಂಧ ಆಮೇಲೆ ಬಂದಿತು. ಅದಕ್ಕಾಗಿ ಪ್ರಾಣವನ್ನೇ ತೆತ್ತರೆಂದು ಪರಂಪರೆ ಹೇಳುತ್ತದೆ. ನಾವು ಈ ಕ್ರಮವನ್ನು ತಲೆಕೆಳಗು ಮಾಡಿ ಅವರ ಹೆಸರು ಹೇಳಬಾರದು.

ರಾಜ್ಯದ ಕಾನೂನೂ ಇಂಥ ಬಲವಂತವನ್ನು ಬೇಡುವುದಿಲ್ಲ. 1955ರ ಹಿಂದೂ ವಿವಾಹ ಅಧಿನಿಯಮವು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ವಧೂವರರಲ್ಲಿ ಯಾರೊಬ್ಬರ ಸಂಪ್ರದಾಯದಂತೆಯಾದರೂ ವಿವಾಹ ನಡೆಯಬಹುದೆಂದು ಅದರ 7ನೆಯ ಪ್ರಕರಣವು ಹೇಳುತ್ತದೆ. ಕಾನೂನು ಕೊಟ್ಟ ಅವಕಾಶವನ್ನು ಶರಣಧರ್ಮದ ಹೆಸರಿನಲ್ಲಿ ನಾವು ಕಸಿಯುವುದು ಶೋಭೆಯಲ್ಲ.

ಗೃಹಸ್ಥರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಮೊಮ್ಮಕ್ಕಳ ಗತಿಯೇನು ಮೇಷ್ಟ್ರೇ?” ಎಂದರು. ಅವರ ಕಣ್ಣು ತೇವವಾಗಿತ್ತು. ಈ ಪ್ರಶ್ನೆಗೆ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ, ಈಗಲೂ ಇಲ್ಲ. ಪರಂಪರೆ ತಮ್ಮ ತಲೆಗೇ ಮುಗಿದೀತೆಂಬ ಭಯವು ಹಗುರವಾದುದಲ್ಲ. ಐನ್‌ಮನೆಯ ಅಜ್ಜನವರಿಗೂ ಅದೇ ಭಯವಿದ್ದೀತು. ಇಷ್ಟನ್ನು ಮಾತ್ರ ಹೇಳಿದೆನು: ಲಿಂಗಪೂಜೆಯು ಪ್ರೀತಿಯಿಂದ ನಡೆಯುವ ಮನೆಯಲ್ಲಿ ಬೆಳೆದ ಮಗು ಒಂದು ದಿನ ತಾನಾಗಿ ಕೈಯೊಡ್ಡಬಹುದು, ತಾಯಿಗೆ ಬಲವಂತವಾದುದನ್ನು ಕಂಡ ಮಗು ಎಂದಿಗೂ ಒಡ್ಡದು.

ನಿಶ್ಚಯಕ್ಕೆ ಒಂದು ವಾರ ಮೊದಲು, ಹುಡುಗನನ್ನೂ ಅವನ ತಂದೆಯನ್ನೂ ಕರೆದುಕೊಂಡು ಆ ಮನೆಗೆ ಹೋದೆನು. ನಮ್ಮಿಂದ ಆಗುವುದು ಆಗದುದು ಎರಡನ್ನೂ ಅರುವನವರ ಮುಂದೆ ಹುಡುಗನೇ ಹೇಳಿದನು. ಆಮೇಲೆ ತಂದೆಯವರು, ಯಾರೂ ಕೇಳದೆಯೇ, ಹುಡುಗಿಯ ಕಡೆ ತಿರುಗಿ, “ಮಗಳೇ, ನಮ್ಮ ಮನೆಯಲ್ಲಿ ನಿನ್ನಿಂದ ಆಗದುದು ಯಾವುದು, ನೀನೂ ಹೇಳಮ್ಮ” ಎಂದರು. ಅವಳು ಹೇಳಿದಳು. ಎಲ್ಲವೂ ಅವರಿಗೆ ಹಿತವಾಗಿರಲಿಲ್ಲ; ಆದರೂ ಕೇಳಿದರು.

ನಿಶ್ಚಯದ ದಿನ ದೀಪದ ಮುಂದೆ ನಮ್ಮ ಕಡೆಯ ಮಾತನ್ನಾಡುವ ಹೊಣೆ ನನ್ನದಾಗಿತ್ತು. ಇಪ್ಪತ್ತೈದು ವರ್ಷಗಳ ಹಿಂದೆ ಅಂಗಳಕ್ಕೆ ಇಳಿದಿದ್ದ ನಾನು ಈ ಸಲ ಒಳಗೆಯೇ ನಿಂತು ಕೈಮುಗಿದೆನು. ಎದೆಯ ಮೇಲಿನ ಲಿಂಗವು ಅಲ್ಲಿಯೇ ಇದ್ದಿತು.