ಮುಪ್ಪಿನ ಮರೆವು ಮತ್ತು ನಮ್ಮ ಹೊಣೆ



ಏನನ್ನೂ ಅರಿಯದೆ ಹುಟ್ಟುವ ಮಾನವನು ಬಹಳಷ್ಟನ್ನು ಕಲಿಯುತ್ತಾನೆ. ಕೆಲವರು ಕಲಿತದ್ದೆಲ್ಲವನ್ನೂ ಮರೆಯುವ ವಯಸ್ಸಿಗೆ ತಲುಪುತ್ತಾರೆ. ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 70ನೆಯ ಸೂಕ್ತವು ಇದನ್ನು ನೆನಪಿಸುತ್ತದೆ. ಅಂತಹ ದುರ್ಬಲ ವೃದ್ಧಾಪ್ಯದಿಂದ ಪ್ರವಾದಿವರ್ಯರು(ಸ) ಅಲ್ಲಾಹನ ಅಭಯ ಯಾಚಿಸುತ್ತಿದ್ದರು.

ಆದರೆ ಪ್ರಾರ್ಥನೆಯ ಜೊತೆ ಪ್ರಯತ್ನವೂ ಬೇಕು. ಒಂಟೆಯನ್ನು ಕಟ್ಟಿದ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಕಲಿಸಿದವರೂ ಅದೇ ಪ್ರವಾದಿವರ್ಯರು(ಸ). ಈ ವಿಷಯದಲ್ಲಿ ಮಾಡಬಹುದಾದ ಪ್ರಯತ್ನವೇನು? ಫಿನ್ಲೆಂಡ್ ದೇಶದಲ್ಲಿ ಮರೆವಿನ ಅಪಾಯವಿದ್ದ, 60ರಿಂದ 77 ವರ್ಷದೊಳಗಿನ 1,260 ಮಂದಿಯನ್ನು ಎರಡು ವರ್ಷ ಪರೀಕ್ಷಿಸಲಾಯಿತು. ಅವರಲ್ಲಿ ಅರ್ಧದಷ್ಟು ಮಂದಿಗೆ ಹಿತವಾದ ಆಹಾರ, ವ್ಯಾಯಾಮ, ಬುದ್ಧಿಗೆ ಅಭ್ಯಾಸ ಮತ್ತು ರಕ್ತದೊತ್ತಡ ಮುಂತಾದವುಗಳ ತಪಾಸಣೆಯನ್ನು ಒಟ್ಟಾಗಿ ಒದಗಿಸಲಾಯಿತು. ಬರೇ ಸಲಹೆ ಪಡೆದವರಿಗಿಂತ ಇವರ ಬುದ್ಧಿಶಕ್ತಿ ಚೆನ್ನಾಗಿತ್ತೆಂದು 2015ರಲ್ಲಿ ವರದಿಯಾಯಿತು. ದೇಹ ಮತ್ತು ಮನಸ್ಸು ಜೊತೆಯಾಗಿ ದುಡಿಯಬೇಕೆಂಬುದೇ ಇದರ ಪಾಠ.

ನಮ್ಮ ನಮಾಝನ್ನೇ ನೋಡಿರಿ. ನಿಲ್ಲುವುದು, ಬಾಗುವುದು, ಸಾಷ್ಟಾಂಗವೆರಗುವುದು, ಸೂಕ್ತಗಳನ್ನು ನೆನಪಿನಿಂದ ಓದುವುದು, ರಕಅತ್‌ಗಳನ್ನು ಎಣಿಸುವುದು ಎಲ್ಲವೂ ಅದರಲ್ಲಿದೆ. ಹಾಗೆಂದು ನಮಾಝ್ ವ್ಯಾಯಾಮವಲ್ಲ, ಔಷಧವೂ ಅಲ್ಲ. ಅದು ಅಲ್ಲಾಹನ ಆರಾಧನೆ. ನಡಿಗೆಯೂ ಬೇಕು, ವೈದ್ಯರೂ ಬೇಕು. ಆದರೆ ಮಸೀದಿಗೆ ನಡೆದು ಹೋಗುವ ವೃದ್ಧನಿಗೆ ನಡಿಗೆ, ಸಲಾಮ್, ನಾಲ್ಕು ಮಾತು ಎಲ್ಲವೂ ದಿನವೂ ಸಿಗುತ್ತವೆ.

ನಾವು ಮಾಡುವುದೇನು? "ಅಪ್ಪನಿಗೆ ವಯಸ್ಸಾಯಿತು, ಮನೆಯಲ್ಲೇ ಕುಳಿತಿರಲಿ" ಎನ್ನುತ್ತೇವೆ. ಇದು ಅವರ ಮೇಲಿನ ಕರುಣೆಯೋ, ನಮ್ಮ ಅನುಕೂಲವೋ? ಕಿವಿ ಕೇಳದಿರುವುದು, ಒಂಟಿತನ, ಜಡತ್ವ ಇವೂ ಮರೆವಿನ ರೋಗಕ್ಕೆ ದಾರಿ ಮಾಡುತ್ತವೆಂದು ವೈದ್ಯರು ಹೇಳುತ್ತಾರೆ. ಶ್ರವಣಯಂತ್ರ ಕೊಡಿಸಿರಿ, ಕೈಹಿಡಿದು ನಡೆಸಿರಿ, ಮೊಮ್ಮಕ್ಕಳ ಓದನ್ನು ಅವರಿಗೆ ಒಪ್ಪಿಸಿರಿ. ನಿಲ್ಲಲಾಗದವರು ಕುಳಿತು, ಕುಳಿತುಕೊಳ್ಳಲಾಗದವರು ಮಲಗಿ ನಮಾಝ್ ಮಾಡಲು ಧರ್ಮವು ಅನುಮತಿಸಿದೆ.

ಇಷ್ಟೆಲ್ಲ ಮಾಡಿದರೂ ಮರೆವು ಬರಬಹುದು. ಬಂದರೆ ಅದು ಪಾಪದ ಫಲವಲ್ಲ. ಬುದ್ಧಿ ಕಳೆದುಕೊಂಡವನ ಮೇಲೆ ಧರ್ಮವು ಹೊಣೆ ಹೊರಿಸುವುದಿಲ್ಲ. ಆಗ ಪರೀಕ್ಷೆ ನಮ್ಮದು. "ಅಸರ್ ಆಯಿತೇ ಮಗಾ?" ಎಂದು ತಂದೆ ಐದನೆಯ ಬಾರಿ ಕೇಳಿದಾಗ ನಮ್ಮ ಬಾಯಿಂದ ಬರುವ ಮಾತೇನು? ವೃದ್ಧ ಮಾತಾಪಿತರೆದುರು ಬೇಸರದ ಒಂದು ಉದ್ಗಾರವನ್ನೂ ಕುರ್‌ಆನ್ ನಿಷೇಧಿಸಿದೆ. ನಾವು ಚಿಕ್ಕವರಿದ್ದಾಗ ಒಂದೇ ಪ್ರಶ್ನೆಗೆ ಅವರು ಎಷ್ಟು ಬಾರಿ ಉತ್ತರಿಸಿದ್ದರು!

ಅಲ್ಲಾಹನು ನಮ್ಮ ಹಿರಿಯರ ಬುದ್ಧಿಯನ್ನೂ ನಮ್ಮ ನಾಲಿಗೆಯನ್ನೂ ಕಾಪಾಡಲಿ. ಆಮೀನ್.