ಕುರಿಗಾಹಿಯನ್ನು ಕಾಯುವವರಾರು?

ಧರ್ಮಸಭೆಯಲ್ಲಿ ಅಧಿಕಾರ ಎಲ್ಲಿಂದ ಬರುತ್ತದೆ ಎಂಬುದು ಇಂದು ನಿನ್ನೆಯ ಪ್ರಶ್ನೆಯಲ್ಲ. ಜೆಬೆದಾಯನ ಮಕ್ಕಳಾದ ಯಕೋಬ ಯೊವಾನ್ನರು ಪ್ರಭು ಯೇಸುವಿನ ಎಡಬಲಗಳಲ್ಲಿ ಆಸನ ಬೇಡಿದ ದಿನವೇ ಅದು ಹುಟ್ಟಿತು. ಕಥೋಲಿಕರಾದ ನಾವು ಈ ಪ್ರಶ್ನೆಗೆ ಕೊಡುವ ಉತ್ತರ ಸ್ಪಷ್ಟವಾದದ್ದು: ಪ್ರೇಷಿತರಿಂದ ಧರ್ಮಾಧ್ಯಕ್ಷರಿಗೆ, ಧರ್ಮಾಧ್ಯಕ್ಷರ ಹಸ್ತನಿಕ್ಷೇಪದಿಂದ ಗುರುಗಳಿಗೆ, ಸಂಸ್ಕಾರದ ಮೂಲಕ ಇಳಿದು ಬರುವ ಸೇವಾಧಿಕಾರ ಅದು. ಬ್ಯಾಪ್ಟಿಸ್ಟ್ ಸಭೆಗಳ ಉತ್ತರ ಬೇರೆ. ಅವರ ಪರಂಪರೆಯಲ್ಲಿ ಧರ್ಮಾಧ್ಯಕ್ಷರ ನೇಮಕಾತಿಯಿಲ್ಲ, ವರ್ಗಾವಣೆಯ ಪತ್ರವಿಲ್ಲ. ಸ್ಥಳೀಯ ಸಭೆಯೇ ಕೂಡಿ, ಪ್ರಾರ್ಥಿಸಿ, ಮತ ನೀಡಿ ತನ್ನ ಪಾಲಕನನ್ನು ಕರೆಯುತ್ತದೆ. ಬೇಡವೆನಿಸಿದರೆ ಕಳುಹಿಸಿಯೂ ಬಿಡುತ್ತದೆ.

ಈ ಎರಡು ಉತ್ತರಗಳ ನಡುವಿನ ಅಂತರ ಚಿಕ್ಕದಲ್ಲ. ಆದರೂ ಎರಡೂ ಕಡೆ ಒಂದು ಪ್ರಶ್ನೆ ಹಾಗೆಯೇ ಉಳಿದುಬಿಡುತ್ತದೆ. ಪದವಿ ದೊರೆತ ಮಾತ್ರಕ್ಕೆ ಒಬ್ಬನು ಕುರಿಗಾಹಿಯಾಗುತ್ತಾನೆಯೇ? ಅವನ ಕೈಗೆ ಕೋಲು ಬಂದಮೇಲೆ ಆ ಕೋಲನ್ನು ಹಿಡಿಯುವ ಬಲ ಎಲ್ಲಿಂದ ಬರಬೇಕು?

ಇದನ್ನು ಆಲೋಚಿಸಲು ಒಬ್ಬ ಬ್ಯಾಪ್ಟಿಸ್ಟ್ ಪಾಲಕರ ಬದುಕನ್ನು ಆರಿಸಿಕೊಂಡಿದ್ದೇನೆ. ಅವರು ಡಾ. ಮಾರ್ಟಿನ್ ಲೂಥರ್ ಕಿಂಗ್. ಲೋಕವು ಅವರನ್ನು ಅಮೆರಿಕದ ಕರಿಯ ಜನರ ಹಕ್ಕುಗಳ ಹೋರಾಟಗಾರರೆಂದು ಬಲ್ಲದು. ಆದರೆ ತಾವು ಮೂಲತಃ ಒಬ್ಬ ಬ್ಯಾಪ್ಟಿಸ್ಟ್ ಬೋಧಕರು ಎಂದೇ ಅವರು ಹೇಳಿಕೊಳ್ಳುತ್ತಿದ್ದರು. ಬೇರ್ಪಟ್ಟ ಸಹೋದರರಲ್ಲಿರುವ ನಿಜವಾದ ಕ್ರೈಸ್ತ ಸಂಪತ್ತನ್ನು ಸಂತೋಷದಿಂದ ಗುರುತಿಸಿರೆಂದು 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ನಮಗೆ ತಿಳಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪೋಪ್ ಆರನೆಯ ಪೌಲರು ಕಿಂಗ್ ಅವರನ್ನು ಬರಮಾಡಿಕೊಂಡರು. 2020ರಲ್ಲಿ ಪೋಪ್ ಫ್ರಾನ್ಸಿಸರು ಸಹೋದರತೆಯ ಕುರಿತ ತಮ್ಮ ವಿಶ್ವಪತ್ರದ ಕೊನೆಯಲ್ಲಿ ಅವರ ಹೆಸರನ್ನು ಗಾಂಧೀಜಿಯವರ ಹೆಸರಿನೊಡನೆ ಸ್ಮರಿಸಿದರು. ಆದುದರಿಂದ ಅವರಿಂದ ಕಲಿಯಲು ನಾವು ಸಂಕೋಚಪಡಬೇಕಾಗಿಲ್ಲ.

ಪಿತ್ರಾರ್ಜಿತವಾದ ವಿಶ್ವಾಸ

ಕಿಂಗ್ ಅವರು ಹುಟ್ಟಿದ್ದು 1929ರ ಜನವರಿ 15ರಂದು, ಜಾರ್ಜಿಯ ರಾಜ್ಯದ ಅಟ್ಲಾಂಟ ನಗರದಲ್ಲಿ. ಅಲ್ಲಿನ ಎಬೆನೆಜರ್ ಬ್ಯಾಪ್ಟಿಸ್ಟ್ ಸಭೆಗೆ ಅವರ ತಾಯಿಯ ತಂದೆ ಪಾಲಕರಾಗಿದ್ದರು, ಬಳಿಕ ತಂದೆ ಪಾಲಕರಾದರು. ಹೀಗೆ ವಿಶ್ವಾಸವೆಂಬುದು ಅವರಿಗೆ ಮನೆಯ ಗಾಳಿಯಂತಿತ್ತು.

ಬ್ಯಾಪ್ಟಿಸ್ಟರು ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ವ್ಯಕ್ತಿ ತಾನಾಗಿ ವಿಶ್ವಾಸವನ್ನು ಪ್ರಕಟಿಸಿದ ಮೇಲೆಯೇ ನೀರಿನಲ್ಲಿ ಮುಳುಗಿಸಿ ಸ್ನಾನ ಮಾಡಿಸುತ್ತಾರೆ. ಕಿಂಗ್ ಅವರು ಸಭೆಗೆ ಸೇರಿದಾಗ ಅವರ ವಯಸ್ಸು ಐದು. ಅತಿಥಿ ಬೋಧಕರೊಬ್ಬರ ಕರೆಗೆ ಓಗೊಟ್ಟು ಅಕ್ಕ ಮುಂದೆ ನಡೆದಳು. ಅಕ್ಕನಿಗಿಂತ ಹಿಂದೆ ಬೀಳಬಾರದೆಂದು ತಮ್ಮನೂ ಹಿಂದೆಯೇ ಹೋದನು. ಗುರುಮಠದಲ್ಲಿ ಬರೆದ ಒಂದು ಲೇಖನದಲ್ಲಿ ಅವರೇ ಇದನ್ನು ಮರೆಮಾಚದೆ ಹೇಳಿದ್ದಾರೆ. ಹದಿಮೂರನೆಯ ವಯಸ್ಸಿನಲ್ಲಿ ಪ್ರಭುವಿನ ಶಾರೀರಿಕ ಪುನರುತ್ಥಾನವನ್ನೇ ಅಲ್ಲಗಳೆದು ಭಾನುವಾರದ ಧರ್ಮೋಪದೇಶದ ತರಗತಿಯನ್ನು ಬೆಚ್ಚಿಬೀಳಿಸಿದ್ದನ್ನೂ ಬರೆದಿದ್ದಾರೆ.

ನಮ್ಮ ಮನೆಗಳ ತಂದೆತಾಯಂದಿರು ಇಲ್ಲಿ ತುಸು ನಿಲ್ಲಬೇಕು. ಶಿಶುವಿಗೆ ದೀಕ್ಷಾಸ್ನಾನ ಕೊಡುವ ನಾವು, ಕೃಪೆಯು ನಮ್ಮ ಆಯ್ಕೆಗಿಂತ ಮೊದಲೇ ಬರುತ್ತದೆ ಎಂಬ ಸತ್ಯಕ್ಕೆ ಸಾಕ್ಷಿಗಳು. ಬೆಳೆದವರಿಗೆ ಮಾತ್ರ ಕೊಡುವ ಅವರು, ವಿಶ್ವಾಸವನ್ನು ಯಾರೂ ಯಾರ ಪರವಾಗಿಯೂ ಹೊಂದಲಾಗದು ಎಂಬ ಸತ್ಯಕ್ಕೆ ಸಾಕ್ಷಿಗಳು. ಆದರೆ ಸ್ನಾನದ ವಯಸ್ಸನ್ನು ಮುಂದೂಡಿದ ಮಾತ್ರಕ್ಕೆ ವಿಶ್ವಾಸ ಸ್ವಂತದ್ದಾಗುವುದಿಲ್ಲ. ಅಕ್ಕನ ಹಿಂದೆ ನಡೆದ ಆ ಬಾಲಕನೇ ಇದಕ್ಕೆ ನಿದರ್ಶನ. ಪಿತ್ರಾರ್ಜಿತ ಹೊಲ ಕೈಗೆ ಬಂದರೂ ಉತ್ತು ಬೆವರು ಸುರಿಸಿದ ಮೇಲೆಯೇ ಅದು ನಮ್ಮದಾಗುತ್ತದೆ. ಮಕ್ಕಳು ಪ್ರಶ್ನೆ ಕೇಳಿದರೆ ಹೆದರುವ ಪೋಷಕರಿಗೆ ಈ ಮಾತು ಸಮಾಧಾನ ತರಬೇಕು. ಪ್ರಶ್ನೆ ಕೇಳಿದ ಆ ಹುಡುಗ 1948ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಬೋಧಕನಾಗಿ ಅಭಿಷೇಕ ಪಡೆದನು.

ಪೀಠದಿಂದ ಕೇಳಿಬಂದ ಮಾತು

ಮೋರ್‌ಹೌಸ್ ಕಾಲೇಜು, ಕ್ರೋಜರ್ ಗುರುಮಠ, ಬಾಸ್ಟನ್ ವಿಶ್ವವಿದ್ಯಾಲಯಗಳಲ್ಲಿ ಕಲಿತ ಕಿಂಗ್ ಅವರು 1954ರಲ್ಲಿ ಅಲಬಾಮ ರಾಜ್ಯದ ಮಾಂಟ್ಗೊಮೆರಿ ನಗರದ ಡೆಕ್ಸ್‌ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಸಭೆಯ ಪಾಲಕರಾದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಬಹುಮಟ್ಟಿಗೆ ವಿದ್ಯಾವಂತರೂ ಅನುಕೂಲಸ್ಥರೂ ಆಗಿದ್ದ ಕರಿಯ ಕುಟುಂಬಗಳ ಸಭೆ ಅದು. ಅವರಿಗಿಂತ ಹಿಂದೆ ಇದ್ದ ಪಾಲಕರು ಸಭೆಯೊಡನೆ ಹೊಂದಿಕೆಯಾಗದೆ ಹೊರಟುಹೋಗಿದ್ದರು.

ಹೊಸ ಪಾಲಕರು ಆ ಸೆಪ್ಟೆಂಬರಿನಲ್ಲಿ ತಮ್ಮ ಶಿಫಾರಸುಗಳನ್ನು ಸಭೆಯ ಮುಂದಿಟ್ಟರು. ಜನ್ಮಮಾಸಕ್ಕನುಗುಣವಾಗಿ ಸದಸ್ಯರ ಹನ್ನೆರಡು ಕೂಟಗಳಾಗಬೇಕು. ಸಾಮಾಜಿಕ ಮತ್ತು ರಾಜಕೀಯ ಕಾರ್ಯಕ್ಕೆಂದು ಒಂದು ಸಮಿತಿ ಇರಬೇಕು. ಪ್ರತಿಯೊಬ್ಬ ಸದಸ್ಯನೂ ಮತದಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಬೇಕು. ನಮ್ಮ ಕಿರು ಕ್ರೈಸ್ತ ಸಮುದಾಯಗಳ ನೆನಪು ತರುವ ಯೋಜನೆಯಿದು. ಆದರೆ ಅದರ ಪೀಠಿಕೆಯಲ್ಲಿ ಅಚ್ಚರಿಯ ಮಾತೊಂದಿದೆ. ಪಾಲಕನ ಅಧಿಕಾರ ದೇವರಿಂದಲೂ ಬರುತ್ತದೆ, ಕರೆದ ಜನರಿಂದಲೂ ಬರುತ್ತದೆ. ಆದರೆ ನಾಯಕತ್ವವು ಆಸನಗಳಿಂದ ಬೋಧನಾಪೀಠಕ್ಕೆ ಎಂದೂ ಏರುವುದಿಲ್ಲ, ಪೀಠದಿಂದ ಆಸನಗಳಿಗೆ ಇಳಿಯುತ್ತದೆ ಎಂಬ ಅರ್ಥ ಬರುವಂತೆ ಅವರು ಬರೆದರು. ಮತದಿಂದ ಆಯ್ಕೆಯಾದ ಬ್ಯಾಪ್ಟಿಸ್ಟ್ ಪಾಲಕರೊಬ್ಬರ ಮಾತಿದು! ಅದರಲ್ಲಿ ಸತ್ಯವಿಲ್ಲದಿಲ್ಲ. ಪಾಲಕನು ಜನರ ಮನಸ್ಸಿಗೆ ಹಿತವಾದುದನ್ನೇ ಹೇಳುತ್ತಾ ಹೋದರೆ ಅವನು ಕುರಿಗಾಹಿಯಲ್ಲ, ಕೂಲಿಯಾಳು. ಆದರೆ ಈ ಮಾತು ಪೂರ್ಣ ಸತ್ಯವೇ? ಉತ್ತರ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ.

ನಡುರಾತ್ರಿಯ ಅಡುಗೆಮನೆ

1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಮಹಿಳೆ ಬಸ್ಸಿನಲ್ಲಿ ಬಿಳಿಯ ಪ್ರಯಾಣಿಕನಿಗಾಗಿ ಆಸನ ಬಿಟ್ಟೇಳಲು ಒಪ್ಪದೆ ಬಂಧಿತರಾದರು. ಕರಿಯ ಜನರು ಬಸ್ಸುಗಳನ್ನು ಬಹಿಷ್ಕರಿಸಿದರು. 381 ದಿನ ನಡೆದೇ ಓಡಾಡಿದರು. ಈ ಚಳವಳಿಯ ಮುಂದಾಳಾಗಿ ಜನರು ಆರಿಸಿದ್ದು ಇಪ್ಪತ್ತಾರು ವರ್ಷದ ಕಿಂಗ್ ಅವರನ್ನು.

1956ರ ಜನವರಿ ಕೊನೆಯ ಒಂದು ರಾತ್ರಿ ಕೊಲೆಬೆದರಿಕೆಯ ದೂರವಾಣಿ ಕರೆ ಬಂತು. ಪತ್ನಿಯೂ ಹಸುಗೂಸೂ ಮಲಗಿದ್ದರು. ನಿದ್ದೆ ಬಾರದೆ ಅಡುಗೆಮನೆಗೆ ಹೋಗಿ ಕಾಫಿ ಬಿಸಿಮಾಡಿಕೊಂಡು ಕುಳಿತ ಕಿಂಗ್ ಅವರು, ಹೇಡಿಯೆನಿಸಿಕೊಳ್ಳದೆ ಇದರಿಂದ ಪಾರಾಗುವುದು ಹೇಗೆಂದು ಯೋಚಿಸುತ್ತಿದ್ದರು. ತಂದೆಯ ವಿಶ್ವಾಸವಾಗಲಿ ವಿಶ್ವವಿದ್ಯಾಲಯದ ದೇವಶಾಸ್ತ್ರವಾಗಲಿ ಆಗ ನೆರವಿಗೆ ಬರಲಿಲ್ಲ. ತಲೆ ತಗ್ಗಿಸಿ, ತನ್ನಲ್ಲಿ ಶಕ್ತಿ ಉಳಿದಿಲ್ಲವೆಂದು ದೇವರಲ್ಲಿ ಬಾಯಿಬಿಟ್ಟು ಹೇಳಿಕೊಂಡರು. ನ್ಯಾಯಕ್ಕಾಗಿ ನಿಲ್ಲು, ನಾನು ನಿನ್ನೊಡನಿದ್ದೇನೆ ಎಂಬ ಒಳದನಿ ಕೇಳಿದಂತಾಯಿತೆಂದು ಬಳಿಕ ಬರೆದರು. ಕೆಲವೇ ದಿನಗಳಲ್ಲಿ, ಜನವರಿ 30ರಂದು, ಅವರ ಮನೆಗೆ ಬಾಂಬು ಬಿತ್ತು. ಮಡದಿ ಮಗು ಪಾರಾದರು. ಸಿಟ್ಟಿನಿಂದ ನೆರೆದ ಜನರನ್ನು ಅವರು ಶಾಂತಗೊಳಿಸಿ ಮನೆಗೆ ಕಳುಹಿಸಿದರು. ಪಿತ್ರಾರ್ಜಿತ ವಿಶ್ವಾಸ ಸ್ವಯಾರ್ಜಿತವಾದದ್ದು ಆ ಅಡುಗೆಮನೆಯಲ್ಲಿ.

ಆದರೆ ಅಂಥ ಅನುಭವವೂ ಒಮ್ಮೆಗೇ ಸಾಕಾಗುವುದಿಲ್ಲ. ಅದೇ ಚಳವಳಿಯ ಕಾಲದಲ್ಲಿ ಮತ್ತೊಂದು ಸೋಮವಾರದ ಸಭೆ. ಒಳಗೆ ಕುಗ್ಗಿಹೋಗಿದ್ದರೂ ಹೊರಗೆ ಧೈರ್ಯ ತೋರಿಸುತ್ತಾ ಕಿಂಗ್ ಅವರು ಮಾತನಾಡಿದರು. ಮುಗಿದ ಮೇಲೆ ಮದರ್ ಪೊಲಾರ್ಡ್ ಎಂದು ಎಲ್ಲರೂ ಕರೆಯುತ್ತಿದ್ದ ಬಡ ಮುದುಕಿಯೊಬ್ಬರು ಅವರನ್ನು ಮಗನೇ ಎಂದು ಹತ್ತಿರ ಕರೆದರು. ಓದುಬರಹ ಹೆಚ್ಚಿಲ್ಲದ ಹೆಂಗಸು. ಇಂದು ನಿನ್ನ ಮಾತಿನಲ್ಲಿ ಬಲವಿರಲಿಲ್ಲ, ಏನಾಗಿದೆ ಎಂದು ಕೇಳಿದರು. ಏನೂ ಇಲ್ಲವೆಂದರೆ ನಂಬಲಿಲ್ಲ. ನಾವೆಲ್ಲ ನಿನ್ನ ಜೊತೆಗಿದ್ದೇವೆ. ನಾವು ಇಲ್ಲದೆ ಹೋದರೂ ದೇವರು ನಿನ್ನನ್ನು ನೋಡಿಕೊಳ್ಳುತ್ತಾನೆ ಎಂದು ಹರಸಿದರು. ಆ ಮಾತು ತಮ್ಮಲ್ಲಿ ಹೊಸ ಚೈತನ್ಯ ತುಂಬಿತೆಂದೂ ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ತಮ್ಮನ್ನು ಕಾಪಾಡಿತೆಂದೂ ಕಿಂಗ್ ಅವರು ಬರೆದಿದ್ದಾರೆ.

1954ರ ಶಿಫಾರಸಿಗೆ ಉತ್ತರ ದೊರೆತದ್ದು ಇಲ್ಲಿ. ಪೀಠವು ಬರಿದಾದಾಗ ಆಸನವೇ ಪೀಠವನ್ನು ಎತ್ತಿ ಹಿಡಿಯಿತು. ಹಾಗಾದರೆ ಬಹುಮತ ಹೇಳಿದಂತೆ ಪಾಲಕನು ಕುಣಿಯಬೇಕೇ? ಖಂಡಿತ ಇಲ್ಲ. ಮದರ್ ಪೊಲಾರ್ಡ್ ಕೊಟ್ಟದ್ದು ಅಭಿಪ್ರಾಯವನ್ನಲ್ಲ, ವಿಶ್ವಾಸವನ್ನು. 1967ರಲ್ಲಿ ವಿಯೆಟ್ನಾಂ ಯುದ್ಧವನ್ನು ಖಂಡಿಸಿದಾಗ ಕಿಂಗ್ ಅವರ ಹಲವು ಸ್ನೇಹಿತರೇ ಅವರಿಂದ ದೂರ ಸರಿದರು; ಆದರೂ ಅವರು ಹಿಂಜರಿಯಲಿಲ್ಲ. ಸತ್ಯವನ್ನು ಹೇಳುವ ಹೊಣೆಯನ್ನು ಪದವಿ ಹೊರಿಸುತ್ತದೆ. ಅದನ್ನು ಹೇಳುವ ಬಲವನ್ನು ದೇವರು ಎಷ್ಟೋ ಬಾರಿ ಜನರ ವಿಶ್ವಾಸದ ಮೂಲಕವೇ ಕೊಡುತ್ತಾನೆ. ಧರ್ಮಾಧ್ಯಕ್ಷನು ಕೆಲವೊಮ್ಮೆ ಜನರ ಮುಂದೆ, ಕೆಲವೊಮ್ಮೆ ನಡುವೆ, ಕೆಲವೊಮ್ಮೆ ಹಿಂದೆ ನಡೆಯಬೇಕೆಂದು 2013ರಲ್ಲಿ ಪೋಪ್ ಫ್ರಾನ್ಸಿಸರು ಬೋಧಿಸಿದ್ದರ ತಿರುಳೂ ಇದೇ.

ಕಾಯುವುದು ಎಂದರೇನು?

ನಮ್ಮ ಕನ್ನಡದಲ್ಲಿ 'ಕಾಯು' ಎಂಬ ಒಂದೇ ಮಾತಿಗೆ ಎರಡು ಅರ್ಥ: ಪಾಲಿಸುವುದು, ನಿರೀಕ್ಷಿಸುವುದು. ಕುರಿಗಳನ್ನು ಕಾಯಬೇಕಾದವರು ಸಮಯವನ್ನಷ್ಟೇ ಕಾಯುತ್ತಾ ಕುಳಿತರೆ ಏನಾಗುತ್ತದೆ? 1963ರ ಶುಭ ಶುಕ್ರವಾರದಂದು ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕಿಂಗ್ ಅವರು ಬಂಧಿತರಾದರು. ಅಂದೇ ಎಂಟು ಮಂದಿ ಬಿಳಿಯ ಧರ್ಮನಾಯಕರು, ಈ ಪ್ರತಿಭಟನೆ ವಿವೇಕದ್ದಲ್ಲ, ಸಮಯೋಚಿತವೂ ಅಲ್ಲವೆಂದು ಹೇಳಿಕೆ ನೀಡಿದರು. ಅವರು ದುಷ್ಟರಾಗಿರಲಿಲ್ಲ, ಅದೇ ಜನವರಿಯಲ್ಲಿ ಅವರಲ್ಲಿ ಹಲವರು, ವರ್ಣಭೇದದ ವಿರುದ್ಧದ ನ್ಯಾಯಾಲಯದ ತೀರ್ಪುಗಳಿಗೆ ತಲೆಬಾಗಬೇಕೆಂದು ಬಹಿರಂಗವಾಗಿ ಕೇಳಿಕೊಂಡಿದ್ದರು. ಆ ಎಂಟು ಮಂದಿಯಲ್ಲಿ ಒಬ್ಬರು ಕಥೋಲಿಕ ಸಹಾಯಕ ಧರ್ಮಾಧ್ಯಕ್ಷರಾದ ಜೋಸೆಫ್ ಡ್ಯೂರಿಕ್.

ಸೆರೆಮನೆಯಿಂದ ಏಪ್ರಿಲ್ 16ರ ದಿನಾಂಕದಲ್ಲಿ ಕಿಂಗ್ ಅವರು ಬರೆದ ಉತ್ತರ ಇಂದು ಜಗತ್ಪ್ರಸಿದ್ಧ. ಅನ್ಯಾಯದ ಕಾನೂನು ಕಾನೂನೇ ಅಲ್ಲವೆಂಬುದಕ್ಕೆ ಅವರು ಸಂತ ಅಗಸ್ಟೀನರನ್ನು ಉಲ್ಲೇಖಿಸಿದರು. ಶಾಶ್ವತ ನಿಯಮದಲ್ಲೂ ನಿಸರ್ಗ ನಿಯಮದಲ್ಲೂ ಬೇರೂರದ ಮಾನವ ಕಾನೂನು ನ್ಯಾಯವಲ್ಲವೆಂಬುದಕ್ಕೆ ಸಂತ ಥಾಮಸ್ ಅಕ್ವೀನಾಸರನ್ನು ಉಲ್ಲೇಖಿಸಿದರು. ನಮ್ಮ ಗುರುಮಠಗಳಲ್ಲಿ ಪಾಠವಾಗಿ ಓದುವ ಈ ಇಬ್ಬರು ಸಂತರನ್ನು ಬ್ಯಾಪ್ಟಿಸ್ಟ್ ಪಾಲಕರೊಬ್ಬರು ಸೆರೆಮನೆಯಲ್ಲಿ ಸಾಕ್ಷಿಗಳಾಗಿ ಕರೆದರು. ಕಾಯಿರಿ ಎಂದವರ ಪಟ್ಟಿಯಲ್ಲಿ ನಮ್ಮವರ ಹೆಸರಿತ್ತು. ಕೃಪೆಯಿಂದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಡ್ಯೂರಿಕ್ ಅವರು ಮುಂದೆ ನ್ಯಾಶ್‌ವಿಲ್ ಧರ್ಮಕ್ಷೇತ್ರದಲ್ಲಿದ್ದಾಗ ವರ್ಣನ್ಯಾಯದ ಪರವಾಗಿ ಬಹಿರಂಗವಾಗಿ ನಿಂತರು.

ವಿವೇಕವು ಸದ್ಗುಣಗಳ ಸಾರಥಿಯೆಂಬುದು ನಮ್ಮ ಪರಂಪರೆಯ ಮಾತು. ಆದರೆ ಸಾರಥಿಯ ಕೆಲಸ ರಥವನ್ನು ನಡೆಸುವುದು, ಕಟ್ಟಿಹಾಕುವುದಲ್ಲ. ನಿರೀಕ್ಷೆಯ ಬೆಲೆಯನ್ನು ನಾವೇ ತೆರುತ್ತಿದ್ದರೆ ಅದು ತಾಳ್ಮೆ; ಬೇರೆಯವರು ತೆರುತ್ತಿದ್ದು ನಾವು ಸುಖವಾಗಿದ್ದರೆ ಅದಕ್ಕೆ ವಿವೇಕವೆಂಬ ಹೆಸರು ಸಲ್ಲದು.

ಮಣ್ಣಿನ ಪಾತ್ರೆ

ಕಿಂಗ್ ಅವರು ನಿರ್ದೋಷಿಯಾಗಿರಲಿಲ್ಲ. ಅವರ ಡಾಕ್ಟರೇಟ್ ಪ್ರಬಂಧದ ಕೆಲವು ಭಾಗಗಳು ಸರಿಯಾದ ಉಲ್ಲೇಖವಿಲ್ಲದೆ ಇತರರಿಂದ ತೆಗೆದವೆಂದು ಬಾಸ್ಟನ್ ವಿಶ್ವವಿದ್ಯಾಲಯದ ಸಮಿತಿ 1991ರಲ್ಲಿ ತೀರ್ಮಾನಿಸಿತು. ದಾಂಪತ್ಯನಿಷ್ಠೆಯಲ್ಲಿ ಅವರು ಎಡವಿದುದನ್ನು ಆಪ್ತರೇ ಬರೆದಿದ್ದಾರೆ. ಪಾಲಕನ ಪಾಪವು ಅವನ ಬೋಧನೆಯನ್ನು ಸುಳ್ಳಾಗಿಸುತ್ತದೆಯೇ? ಪರಿಶುದ್ಧನಲ್ಲದವನ ಸಂಸ್ಕಾರ ಸಿಂಧುವಲ್ಲವೆಂದು ವಾದಿಸಿದ ಉತ್ತರ ಆಫ್ರಿಕದ ದೊನಾತಪಂಥದವರಿಗೆ ಸಂತ ಅಗಸ್ಟೀನರು ಕೊಟ್ಟ ಉತ್ತರ ನಮಗೆ ಗೊತ್ತು: ದೀಕ್ಷಾಸ್ನಾನ ಕೊಡುವವನು ಕ್ರಿಸ್ತನೇ, ಸೇವಕನ ಕಲೆಯು ಒಡೆಯನ ವರವನ್ನು ಕೆಡಿಸದು. ಆದರೆ ಆ ಉತ್ತರ ಸಂಸ್ಕಾರವನ್ನು ರಕ್ಷಿಸುತ್ತದೆಯೇ ಹೊರತು ಸೇವಕನ ಪಾಪವನ್ನು ಮುಚ್ಚುವ ಹೊದಿಕೆಯಲ್ಲ. ನೊಂದ ಹೆಂಡತಿಯ ನೋವು ನೋವೇ. ಪಾಲಕನನ್ನು ದೇವರಾಗಿಸುವುದೂ, ಅವನ ಕುಂದು ಕಂಡೊಡನೆ ಸತ್ಯವನ್ನೇ ಎಸೆಯುವುದೂ ಒಂದೇ ತಪ್ಪಿನ ಎರಡು ಮುಖಗಳು.

ನಮ್ಮ ಅಂಗಳಕ್ಕೆ

1959ರಲ್ಲಿ ಕಿಂಗ್ ದಂಪತಿಗಳು ಭಾರತಕ್ಕೆ ಬಂದಿದ್ದರು. ತಿರುವನಂತಪುರದಲ್ಲಿ, ಒಂದು ಕಾಲಕ್ಕೆ ಅಸ್ಪೃಶ್ಯರೆನಿಸಿದ್ದವರ ಮಕ್ಕಳು ಓದುತ್ತಿದ್ದ ಶಾಲೆಯ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದ ಅಸ್ಪೃಶ್ಯರೆಂದು ಮಕ್ಕಳಿಗೆ ಪರಿಚಯಿಸಿದರು. ಮೊದಲು ಮುಜುಗರವಾಯಿತು, ಬಳಿಕ ಅದು ನಿಜವೆಂದು ಒಪ್ಪಿಕೊಂಡೆ ಎಂದು ಅವರು 1965ರ ಪ್ರಸಂಗವೊಂದರಲ್ಲಿ ಹೇಳಿದರು. ಭಾರತದ ಧರ್ಮಾಧ್ಯಕ್ಷರ ಮಂಡಳಿಯು 2016ರ ಡಿಸೆಂಬರಿನಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ, ಜಾತಿಭೇದ ಧರ್ಮಸಭೆಯೊಳಗೂ ಇದೆಯೆಂದು ಒಪ್ಪಿಕೊಂಡಿತು. ನೀತಿಯನ್ನು ಧರ್ಮಾಧ್ಯಕ್ಷರು ಬರೆಯಬಲ್ಲರು. ಅದನ್ನು ಬದುಕಬೇಕಾದವರು ಮಗನಿಗೆ ಹೆಣ್ಣು ನೋಡುವ ತಾಯಂದಿರು, ಹಬ್ಬದ ಸಮಿತಿಗೆ ಹೆಸರು ಸೂಚಿಸುವ ಹಿರಿಯರು, ಸ್ಮಶಾನದಲ್ಲಿ ಜಾಗ ಗುರುತಿಸುವವರು. ಅಲ್ಲಿ ಗುರುಗಳು ಸತ್ಯ ನುಡಿದಾಗ ಅವರ ಹಿಂದೆ ನಿಲ್ಲುವವರು ಯಾರು? ಅವರು ನುಡಿಯದೆ ಸುಮ್ಮನಿದ್ದಾಗ ಹತ್ತಿರ ಕರೆದು, ಇಂದು ನಿಮ್ಮ ಮಾತಿನಲ್ಲಿ ಬಲವಿರಲಿಲ್ಲ ಸ್ವಾಮಿ ಎಂದು ಪ್ರೀತಿಯಿಂದ ಕೇಳುವವರು ಯಾರು?

ತಮ್ಮ ಹತ್ಯೆಗೆ ಎರಡು ತಿಂಗಳ ಮುಂಚೆ, 1968ರ ಫೆಬ್ರವರಿ 4ರಂದು, ಕಿಂಗ್ ಅವರು ಎಬೆನೆಜರ್ ಸಭೆಯಲ್ಲಿ ಪ್ರಸಂಗ ಮಾಡಿದರು. ಅವರು ಆರಿಸಿಕೊಂಡದ್ದು ಅದೇ ಯಕೋಬ ಯೊವಾನ್ನರ ಪ್ರಸಂಗವನ್ನು. ಮೊದಲಿಗರಾಗುವ ಆಸೆಯನ್ನು ಪ್ರಭು ಗದರಿಸಲಿಲ್ಲ, ಸೇವೆಯ ಕಡೆಗೆ ತಿರುಗಿಸಿದರು ಎಂದು ವಿವರಿಸಿ, ತಮ್ಮ ಅಂತ್ಯಕ್ರಿಯೆಯಲ್ಲಿ ನೊಬೆಲ್ ಪಾರಿತೋಷಕದ ಮಾತು ಬೇಡ, ಇತರರ ಸೇವೆಗೆ ಪ್ರಯತ್ನಿಸಿದನೆಂದರೆ ಸಾಕು ಎಂದು ಕೇಳಿಕೊಂಡರು. ಏಪ್ರಿಲ್ 4ರಂದು, ಮೆಂಫಿಸ್ ನಗರದಲ್ಲಿ ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲವಾಗಿ ಹೋಗಿದ್ದಾಗ, ಗುಂಡೇಟಿಗೆ ಬಲಿಯಾದರು. ಅಂತ್ಯಕ್ರಿಯೆಯಲ್ಲಿ ಆ ಪ್ರಸಂಗದ ಧ್ವನಿಮುದ್ರಣವನ್ನೇ ಕೇಳಿಸಲಾಯಿತು.

ಒಳ್ಳೆಯ ಕುರಿಗಾಹಿ ಒಬ್ಬರೇ, ಪ್ರಭು ಯೇಸುಕ್ರಿಸ್ತರು. ಮಿಕ್ಕ ಪಾಲಕರೆಲ್ಲರೂ ಕಾಯುವವರೂ ಹೌದು, ಕಾಯಲ್ಪಡಬೇಕಾದವರೂ ಹೌದು. ನಿಮ್ಮ ಧರ್ಮಕೇಂದ್ರದ ಗುರುಗಳಿಗಾಗಿ ಇಂದಿನ ಸಂಜೆಯ ಜಪಸರದಲ್ಲಿ ಒಂದು ರಹಸ್ಯವನ್ನು ಮೀಸಲಿಡಿ. ಅವರು ಸತ್ಯ ನುಡಿಯಲಿ ಎಂದು ಬೇಡಿಕೊಳ್ಳಿ. ನುಡಿದಾಗ ಅವರನ್ನು ಒಂಟಿಯಾಗಿ ಬಿಡದಿರುವ ಬಲವನ್ನು ನಿಮಗಾಗಿಯೂ ಬೇಡಿಕೊಳ್ಳಿ.