ಗುರುತಿಲ್ಲದ ಗುಟ್ಟು

ವೈದ್ಯಕೀಯ ಗೋಪ್ಯತೆ ಎಂದರೆ ಚಿಕಿತ್ಸೆಗಾಗಿ ರೋಗಿ ಹೇಳಿಕೊಂಡ ಸಂಗತಿಯೂ ಪರೀಕ್ಷೆಯಿಂದ ತಿಳಿದುಬಂದ ಸಂಗತಿಯೂ ಅವರ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ತಲುಪದಂತೆ ಕಾಯುವ ಹೊಣೆ. ಖಾಸಗಿತನವಾದರೋ ಅದಕ್ಕಿಂತ ವಿಶಾಲವಾದ ಹಕ್ಕು, ತನ್ನ ದೇಹ, ಮನೆ, ಮನಸ್ಸುಗಳ ವಿಷಯ ಯಾರಿಗೆ ಎಷ್ಟು ತಿಳಿಯಬೇಕೆಂಬುದನ್ನು ತಾನೇ ನಿರ್ಧರಿಸುವ ಅಧಿಕಾರ. ಈ ಎರಡರ ನಂಟನ್ನು ಕುರಿತು ಇಲ್ಲಿ ಮಾತಾಡುವವರು ತಾಲ್ಲೂಕು ಕೇಂದ್ರವೊಂದರಲ್ಲಿ ಸಣ್ಣ ನರ್ಸಿಂಗ್ ಹೋಮ್ ನಡೆಸುವ ವೈದ್ಯೆ ಮತ್ತು ಕಾನೂನು ಕಾಲೇಜಿನಿಂದ ನಿವೃತ್ತರಾದ ಅಧ್ಯಾಪಕರು. ಕಾಗದದ ಕೇಸ್ ಶೀಟುಗಳನ್ನು ಕಂಪ್ಯೂಟರಿಗೆ ಏರಿಸುವ ಮುನ್ನ ಪಾಲಿಸಬೇಕಾದ ನಿಯಮಗಳನ್ನು ವೈದ್ಯೆ ಅರಸುತ್ತಿದ್ದಾರೆ. ಅಧ್ಯಾಪಕರು ನಿಯಮಕ್ಕೂ ಮೊದಲು ಅದರ ಆಧಾರವನ್ನು ಕೇಳುತ್ತಾರೆ.

ವೈದ್ಯೆ: ಗುಟ್ಟು ಉಳಿಯುತ್ತದೆಂಬ ಭರವಸೆಯಿಲ್ಲದ ಕಡೆ ರೋಗಿ ನಿಜ ಹೇಳುವುದಿಲ್ಲ, ಮೇಷ್ಟ್ರೇ. ಕುಡಿತದ ಪ್ರಮಾಣ, ಹಿಂದೆ ಆದ ಗರ್ಭಪಾತ, ಮದುವೆಯ ಹೊತ್ತಿನಲ್ಲಿ ಮುಚ್ಚಿಟ್ಟ ಫಿಟ್ಸ್, ಇವು ತಿಳಿಯದೆ ಕೊಟ್ಟ ಔಷಧ ಕೆಲವೊಮ್ಮೆ ಜೀವಕ್ಕೇ ಕುತ್ತಾಗುತ್ತದೆ. ಗೋಪ್ಯತೆ ಚಿಕಿತ್ಸೆಯ ಸಾಧನಗಳಲ್ಲಿ ಒಂದು; ಅದರ ಸಮರ್ಥನೆಗೆ ಇಷ್ಟು ಸಾಲದೆ?

ಅಧ್ಯಾಪಕರು: ಸಾಧನವೆಂದಾದರೆ ಕೆಲಸ ಮುಗಿದ ಮೇಲೆ ಅದನ್ನು ಕೆಳಗಿಡಬಹುದಲ್ಲ, ಡಾಕ್ಟರೇ? ಗುಣವಾಗಿ ಊರು ಬಿಟ್ಟವರ, ತೀರಿಕೊಂಡವರ ವಿಷಯವನ್ನು ಹೊರಗೆ ಆಡಿದರೆ ಅವರ ಚಿಕಿತ್ಸೆಗೆ ಯಾವ ನಷ್ಟವೂ ಇಲ್ಲ.

ವೈದ್ಯೆ: ಅದನ್ನು ಕೇಳಿದ ಉಳಿದ ರೋಗಿಗಳು ಬಾಯಿ ಮುಚ್ಚಿಕೊಳ್ಳುತ್ತಾರೆ.

ಅಧ್ಯಾಪಕರು: ಅವರಲ್ಲಿ ಯಾರ ಕಿವಿಗೂ ಬೀಳದಂತೆ, ದೂರದ ಊರಿನ ಒಬ್ಬ ಗೆಳತಿಗೆ ಮಾತ್ರ ಹೇಳಿದರೆ? ಆಗಲೂ ಅದು ತಪ್ಪೆಂದೇ ತೋರುವುದಾದರೆ ಆಧಾರ ಬೇರೆ ಕಡೆ ಇರಬೇಕು. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಗುರು ಶಿಷ್ಯನಿಗೆ ವಿಧಿಸುವ ಕಟ್ಟುಪಾಡುಗಳ ನಡುವೆ, ರೋಗಿಯ ಮನೆಯ ಒಳಗಿನ ನಡವಳಿಕೆಗಳನ್ನು ಹೊರಗೆ ತರಬಾರದೆಂಬ ಮಾತು ಬರುತ್ತದೆ. ಆ ನಡವಳಿಕೆಗೂ ರೋಗಕ್ಕೂ ಸಂಬಂಧ ಇರಲೇಬೇಕೆಂದೇನಿಲ್ಲ. ಕಷ್ಟದಲ್ಲಿರುವವರು ವಿಧಿಯಿಲ್ಲದೆ ಬಾಗಿಲು ತೆರೆದಿದ್ದಾರೆ, ಒಳಗೆ ಬಂದವರು ಅದರ ಲಾಭ ಪಡೆಯಬಾರದು, ಅಷ್ಟೇ. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದಾಗಲೂ ವ್ಯಕ್ತಿಯ ಘನತೆಯನ್ನೇ ಆಧಾರವಾಗಿ ಹಿಡಿಯಿತು. ಆ ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು.

ವೈದ್ಯೆ: ಘನತೆ ಆಧಾರವೆಂದಾದರೆ ಹೊಣೆ ಇನ್ನೂ ಭಾರವಾಗುತ್ತದೆ. ಗಂಡನಿಗೆ ಎಚ್‌ಐವಿ ಇದೆ, ಹೆಂಡತಿಗೆ ಗೊತ್ತಿಲ್ಲ, ಇಬ್ಬರೂ ಒಂದೇ ವೈದ್ಯರ ಬಳಿಗೆ ಬರುತ್ತಾರೆ. ಒಬ್ಬರ ಘನತೆ ಉಳಿಸಲು ಇನ್ನೊಬ್ಬರ ಜೀವವನ್ನು ಪಣಕ್ಕಿಡಬೇಕೆ?

ವೈದ್ಯೆಯ ಈ ತೊಡಕು ಪುಸ್ತಕದ ಒಗಟಲ್ಲ, ಭಾರತದ ನ್ಯಾಯಾಲಯಗಳು ಇದರ ಮುಂದೆ ಹಲವು ವರ್ಷ ತಡವರಿಸಿವೆ. ರಕ್ತ ಕೊಟ್ಟ ವ್ಯಕ್ತಿಯೊಬ್ಬರಲ್ಲಿ ಎಚ್‌ಐವಿ ಪತ್ತೆಯಾದ ಸಂಗತಿ ಆಸ್ಪತ್ರೆಯಿಂದ ಹೊರಬಿದ್ದು, ಗೊತ್ತಾಗಿದ್ದ ಮದುವೆ ಮುರಿದು, ಅವರು ಪರಿಹಾರ ಕೇಳಿದಾಗ, 1998ರಲ್ಲಿ ಸುಪ್ರೀಂ ಕೋರ್ಟ್ ಆ ಕೋರಿಕೆಯನ್ನು ತಳ್ಳಿಹಾಕಿ, ಮದುವೆಯಾಗಬೇಕಿದ್ದ ಹೆಣ್ಣಿನ ಆರೋಗ್ಯದ ಹಕ್ಕು ಇಲ್ಲಿ ಮೇಲೆಂದಿತು. ಆ ತೀರ್ಪಿನಲ್ಲಿ ಮದುವೆಯ ಹಕ್ಕಿನ ಕುರಿತು ಆಡಿದ ಮಾತುಗಳು ಅನಗತ್ಯವಾಗಿದ್ದವೆಂದು 2002ರಲ್ಲಿ ಅದೇ ನ್ಯಾಯಾಲಯ ಹೇಳಬೇಕಾಯಿತು.

ಅಧ್ಯಾಪಕರು: ಎಚ್‌ಐವಿ ಮತ್ತು ಏಡ್ಸ್ ಕುರಿತ 2017ರ ಕಾಯಿದೆ ಈ ಗಂಟನ್ನು ಹೆಚ್ಚು ತಾಳ್ಮೆಯಿಂದ ಬಿಡಿಸುತ್ತದೆ. ಮೊದಲು ರೋಗಿಗೆ ಆಪ್ತಸಲಹೆ ನೀಡಿ, ಸಂಗಾತಿಗೆ ಅವರೇ ತಿಳಿಸುವಂತೆ ಒಪ್ಪಿಸಲು ಯತ್ನಿಸಬೇಕು. ಅವರು ತಿಳಿಸುವುದಿಲ್ಲವೆಂದು ಮನವರಿಕೆಯಾಗಿ, ಸಂಗಾತಿಗೆ ಸೋಂಕು ತಗಲುವ ಅಪಾಯ ಗಣನೀಯವೆಂದು ಕಂಡರೆ, ತಾನು ತಿಳಿಸಲಿರುವೆನೆಂಬುದನ್ನು ವೈದ್ಯರು ರೋಗಿಗೆ ಮುಂಚೆ ಹೇಳಿ ಆಮೇಲೆ ತಿಳಿಸಬಹುದು. ರೋಗಿ ಹೆಣ್ಣಾಗಿದ್ದಾಗ ಇನ್ನೂ ಒಂದು ಎಚ್ಚರವಿದೆ: ಸಂಗಾತಿಗೆ ತಿಳಿಸಿದರೆ ಆಕೆಯನ್ನು ಹೊಡೆಯುವ, ಮನೆಯಿಂದ ಹೊರಹಾಕುವ ಭಯವಿದ್ದರೆ ತಿಳಿಸಬಾರದು.

ವೈದ್ಯೆ: ಹಾಗಾದರೆ ಸತ್ಯ ಎಲ್ಲಿಗೆ ತಲುಪಿ ಏನು ಮಾಡುತ್ತದೆ ಎಂಬುದನ್ನೂ ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕ್ಷಯದ ವಿಷಯದಲ್ಲೂ ಅಷ್ಟೇ ಇರಬೇಕು. 2012ರಿಂದ ಖಾಸಗಿ ವೈದ್ಯರೂ ಪ್ರತಿ ಕ್ಷಯರೋಗಿಯ ವಿವರವನ್ನು ಸರ್ಕಾರಕ್ಕೆ ಕಳಿಸಬೇಕು, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ.

ಅಧ್ಯಾಪಕರು: ಮದ್ದು ಒದಗಿಸಬಲ್ಲ ಅಧಿಕಾರಿಗೆ ತಿಳಿಸುವುದೂ ಬೀದಿಗೆ ತಿಳಿಸುವುದೂ ಒಂದೇ ಅಲ್ಲ. ಕೋವಿಡ್ ಕಾಲಿಟ್ಟ 2020ರ ಮಾರ್ಚ್‌ನಲ್ಲಿ, ಮನೆಯೊಳಗೇ ಪ್ರತ್ಯೇಕವಾಗಿರಬೇಕಿದ್ದವರ ವಿಳಾಸಗಳನ್ನು ಕರ್ನಾಟಕ ಸರ್ಕಾರವೇ ಪ್ರಕಟಿಸಿತು; ಕೈಗೆ ಮುದ್ರೆ, ಬಾಗಿಲಿಗೆ ನೋಟಿಸು ಬಂದವು. ಅದರಿಂದ ನೆರೆಯವರಿಗೆ ಸಿಕ್ಕ ರಕ್ಷಣೆ ಅಲ್ಪ, ಆ ಮನೆಗಳ ಮೇಲೆ ಬಿದ್ದ ಕಳಂಕ ದೊಡ್ಡದು.

ಇಲ್ಲಿಯವರೆಗಿನ ಮಾತೆಲ್ಲ ಅಪವಾದಗಳನ್ನು, ಅಂದರೆ ಗುಟ್ಟನ್ನು ಯಾವಾಗ ಬಿಡಬಹುದೆಂಬುದನ್ನು ಕುರಿತದ್ದು. ದಿನನಿತ್ಯದ ಸೋರಿಕೆ ಮಾತ್ರ ಇಂಥ ಗಂಭೀರ ನಿರ್ಧಾರಗಳಿಂದ ಆಗುವುದಿಲ್ಲ. ರಿಸೆಪ್ಷನ್‌ನಲ್ಲಿ ಹೆಸರಿನ ಜೊತೆ ಕಾಯಿಲೆಯನ್ನೂ ಕೂಗುವುದರಿಂದ, ಬಿಲ್ ಕೌಂಟರಿನ ಮೇಲೆ ಬಿಟ್ಟ ಲ್ಯಾಬ್ ರಿಪೋರ್ಟಿನಿಂದ, ಒಪಿಡಿ ಕೋಣೆಯ ಬಾಗಿಲಲ್ಲೇ ನಿಂತ ಮುಂದಿನ ಸರದಿಯವರಿಂದ ಅದು ಆಗುತ್ತದೆ. ತತ್ವಚಿಂತಕರು ಕಣ್ಣು ಹಾಯಿಸಬೇಕಾದ ಜಾಗವೂ ಇದೇ.

ಅಧ್ಯಾಪಕರು: ಸೊಸೆಯ ಜೊತೆ ಅತ್ತೆ ಒಳಗೆ ಬಂದು ಕೂರುತ್ತಾರೆ, ಎಲ್ಲ ಪ್ರಶ್ನೆಗೂ ಅತ್ತೆಯೇ ಉತ್ತರ ಕೊಡುತ್ತಾರೆ. ಆಗ ಏನು ದಾರಿ?

ವೈದ್ಯೆ: ಸ್ವಲ್ಪ ಹೊರಗೆ ಕೂತಿರಿ ಎಂದು ಹೇಳಬಹುದು. ಆದರೆ ಹಾಗೆಂದ ಕೂಡಲೇ ಒಳಗೆ ಮುಚ್ಚಿಡುವಂಥದ್ದೇನೋ ಇದೆಯೆಂದು ಅತ್ತೆಗೆ ಹೊಳೆಯುತ್ತದೆ. ಮನೆಗೆ ಹೋಗುವ ದಾರಿಯಲ್ಲೇ ವಿಚಾರಣೆ ಶುರು. ಆದ್ದರಿಂದ ಗಂಡಸು, ಹೆಂಗಸು, ನೆಗಡಿ, ಬಸಿರು ಎನ್ನದೆ ಪ್ರತಿಯೊಬ್ಬರನ್ನೂ ಕೆಲವು ನಿಮಿಷ ಒಂಟಿಯಾಗಿ ನೋಡುವುದನ್ನೇ ನಿಯಮ ಮಾಡಬೇಕು. ಎಲ್ಲರಿಗೂ ಅನ್ವಯಿಸುವ ನಿಯಮದಿಂದ ಯಾರ ಮೇಲೂ ಅನುಮಾನ ಹುಟ್ಟುವುದಿಲ್ಲ.

ಅಧ್ಯಾಪಕರು: ಇದು ಆ ಕೋಣೆಗೆ ಮಾತ್ರ ಸೀಮಿತವೆ?

ವೈದ್ಯೆ: ಇಲ್ಲ. ಎಚ್‌ಐವಿ ಇರುವವರ ಕೇಸ್ ಶೀಟಿಗೆ ಕೆಂಪು ಗುರುತು ಹಾಕಿದರೆ ಆಯಾ, ವಾರ್ಡ್‌ಬಾಯ್, ಪಕ್ಕದ ಹಾಸಿಗೆಯವರು ಎಲ್ಲರಿಗೂ ಅದು ಓದಲು ಬರುತ್ತದೆ. ಸೋಂಕು ತಡೆಯುವ ಶಾಸ್ತ್ರ ಇದಕ್ಕೆ 1980ರ ದಶಕದಲ್ಲೇ ಉತ್ತರ ಕಂಡುಕೊಂಡಿದೆ: ಯಾರ ರಕ್ತದಲ್ಲಿ ಏನಿದೆಯೆಂದು ಹುಡುಕುವ ಬದಲು, ಪ್ರತಿಯೊಬ್ಬರ ರಕ್ತವನ್ನೂ ಸೋಂಕಿರಬಹುದಾದ ರಕ್ತವೆಂದೇ ಎಣಿಸಿ ಗ್ಲೌಸ್ ಹಾಕಿಕೊಳ್ಳುವುದು, ಸಾರ್ವತ್ರಿಕ ಮುನ್ನೆಚ್ಚರಿಕೆಯೆಂದರೆ ಇದೇ. ಗುಟ್ಟಿಗೂ ಅದೇ ಕ್ರಮ ಸಲ್ಲುತ್ತದೆ. ಸಕ್ಕರೆ ಕಾಯಿಲೆಯ ರಿಪೋರ್ಟ್ ಬಿಡಿಯಾಗಿ, ಗರ್ಭಪರೀಕ್ಷೆಯ ರಿಪೋರ್ಟ್ ಅಂಟಿಸಿದ ಕವರಿನಲ್ಲಿ ಹೋದರೆ ಆ ಕವರೇ ಸುದ್ದಿ ಹೇಳುತ್ತದೆ. ಎಲ್ಲವೂ ಒಂದೇ ಬಗೆಯ ಕವರಿನಲ್ಲಿ ಹೋಗಬೇಕು.

ಅಧ್ಯಾಪಕರು: ಇದು ಶಾಸನದಲ್ಲಿ ಬರೆದದ್ದಕ್ಕಿಂತ ಮುಂದಿನ ಮಾತು. ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಯ್ದಿಡಬೇಕು, ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು ಎನ್ನುತ್ತವೆ. ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣೆಯ 2023ರ ಕಾಯಿದೆ, ಕಂಪ್ಯೂಟರಿನಲ್ಲಿರುವ ವಿವರಗಳಿಗೆ ತಕ್ಕ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದೆನ್ನುತ್ತದೆ. ಆದರೆ ದಂಡದ ಭಯ ಕವರುಗಳನ್ನು ಒಂದೇ ಬಗೆ ಮಾಡುವುದಿಲ್ಲ.

ವೈದ್ಯೆ: ಕಂಪ್ಯೂಟರಿನ ಭಯ ಬೇರೆಯೇ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರುಗಳಿಗೆ ರ್ಯಾನ್ಸಮ್‌ವೇರ್, ಅಂದರೆ ಕಡತಗಳಿಗೆ ಬೀಗ ಜಡಿದು ಹಣ ಸುಲಿಯುವ ತಂತ್ರಾಂಶ, ನುಗ್ಗಿ, ಅಷ್ಟು ದೊಡ್ಡ ಆಸ್ಪತ್ರೆ ಹಲವು ದಿನ ಚೀಟಿಗಳನ್ನು ಕೈಯಲ್ಲೇ ಬರೆಯಬೇಕಾಯಿತು. ಸಣ್ಣ ನರ್ಸಿಂಗ್ ಹೋಮು ಅದನ್ನು ಹೇಗೆ ತಡೆದೀತು?

ಅಧ್ಯಾಪಕರು: ಪೂರ್ತಿ ತಡೆಯಲಾಗದಿದ್ದರೂ ಕದಿಯುವುದಕ್ಕೆ ಸಿಗುವ ಸರಕನ್ನು ಕಡಿಮೆ ಮಾಡಬಹುದು. ನೋಂದಣಿ ಫಾರಮ್ಮಿನಲ್ಲಿ ಧರ್ಮ, ಜಾತಿ, ಗಂಡನ ಉದ್ಯೋಗದ ಕಾಲಮ್ಮುಗಳಿವೆ. ಅವುಗಳಲ್ಲಿ ಯಾವುದನ್ನು ನೋಡಿ ಔಷಧ ಬರೆಯುತ್ತೀರಿ?

ವೈದ್ಯೆ: ಯಾವುದನ್ನೂ ಅಲ್ಲ. ಹಳೆಯ ಫಾರಂ ಹಾಗೇ ಅಚ್ಚಾಗುತ್ತಾ ಬಂದಿದೆ, ಅವನ್ನು ತೆಗೆಸಬೇಕು.

ಅಧ್ಯಾಪಕರು: ಮೊಬೈಲ್ ನಂಬರಿನ ಕಾಲಮ್ಮಿದೆ. ಅಲ್ಲಿ ಹೆಂಗಸರು ಬರೆಸುವ ನಂಬರು ಯಾರದು?

ವೈದ್ಯೆ: ಬಹಳಷ್ಟು ಸಲ ಗಂಡನದು, ಇಲ್ಲವೆ ಮಗನದು. ರಿಪೋರ್ಟನ್ನು ಲ್ಯಾಬಿನವರು ಅದೇ ನಂಬರಿಗೆ ವಾಟ್ಸ್‌ಆ್ಯಪ್ ಮಾಡುತ್ತಾರೆ. ಕೋಣೆಯಲ್ಲಿ ಒಂಟಿಯಾಗಿ ಕೇಳಿ ತಿಳಿದದ್ದು ಸಂಜೆಯೊಳಗೆ ಗಂಡನ ಫೋನಿನಲ್ಲಿರುತ್ತದೆ, ಮೇಷ್ಟ್ರೇ. ಆ ಕಾಲಮ್ಮಿನ ಕೆಳಗೆ, ರಿಪೋರ್ಟ್ ಯಾರ ಕೈಗೆ, ಹೇಗೆ ತಲುಪಬೇಕೆಂಬ ಪ್ರಶ್ನೆಯನ್ನೂ ಸೇರಿಸಿ, ಒಂಟಿಯಾಗಿ ನೋಡುವ ಹೊತ್ತಿನಲ್ಲೇ ಎಲ್ಲರನ್ನೂ ಕೇಳಬೇಕು.

ಅಧ್ಯಾಪಕರು: ಸ್ವಂತ ಫೋನಿಲ್ಲದವರು ತಾವೇ ಬಂದು ಒಯ್ಯಬೇಕಾಗುತ್ತದೆ. ಒಂದು ದಿನದ ಕೂಲಿ, ಬಸ್ ಚಾರ್ಜು, ಮನೆಯಲ್ಲಿ ಮತ್ತೊಂದು ಕಾರಣ ಹೇಳಬೇಕಾದ ಕಷ್ಟ, ಮೂರೂ ಆಕೆಯ ತಲೆಗೇ ಬೀಳುತ್ತವೆ.

ವೈದ್ಯೆ: ತುರ್ತಿಲ್ಲದ ರಿಪೋರ್ಟುಗಳನ್ನು ಮುಂದಿನ ತಪಾಸಣೆಯ ದಿನವೇ, ಹೇಗಿದ್ದರೂ ಬರಲೇಬೇಕಾದ ದಿನವೇ ಕೈಗೆ ಕೊಡಬಹುದು. ತುರ್ತಿನವಕ್ಕೆ ಆಶಾ ಕಾರ್ಯಕರ್ತೆಯ ಮೂಲಕ, ರೋಗದ ಹೆಸರೆತ್ತದೆ, ಡಾಕ್ಟರು ಬರಹೇಳಿದ್ದಾರೆಂದಷ್ಟೇ ಹೇಳಿಕಳಿಸಬೇಕು; ಹಾಗೆ ಹೇಳಿಕಳಿಸಬಹುದೇ ಎಂಬುದನ್ನೂ ಮೊದಲ ದಿನವೇ ಆಕೆಯನ್ನು ಕೇಳಿಟ್ಟುಕೊಳ್ಳಬೇಕು.